ಮಸೂದೆಯನ್ನು ‘ಅಡ್ವಾನ್ಸ್’ ಮಾಡುವ ಮತಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಅಮೆರಿಕದ ಸೆನೆಟ್‌ನ ಸುದ್ದಿಗಳನ್ನು ಕನ್ನಡಕ್ಕೆ ತರುವವರಿಗೆ ಮತ್ತೆ ಮತ್ತೆ ಎದುರಾಗುವ ಒಂದು ಪ್ರಯೋಗದ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. 2025ರ ಜೂನ್ 28ರಂದು, ಅಧ್ಯಕ್ಷ ಟ್ರಂಪ್ ಅವರ ತೆರಿಗೆ ಮತ್ತು ವೆಚ್ಚದ ಬೃಹತ್ ಮಸೂದೆಯ ವಿಷಯದಲ್ಲಿ ಸೆನೆಟ್ 51–49ರ ಅಂತರದಲ್ಲಿ ಒಂದು ಪ್ರಸ್ತಾವವನ್ನು ಒಪ್ಪಿತು. ಇಂಗ್ಲಿಷ್ ವರದಿಗಾರರು ಇಂಥದ್ದನ್ನು ‘ಪ್ರೊಸೀಜರಲ್ ವೋಟ್’, ಅಂದರೆ ಮಸೂದೆಯ ಮೇಲಲ್ಲದೆ ಸದನದ ಮುಂದಿನ ಕ್ರಮದ ಮೇಲೆ ನಡೆಯುವ ಮತದಾನ, ಎನ್ನುತ್ತಾರೆ. ಅದರಿಂದ ಮಸೂದೆ ‘ಅಡ್ವಾನ್ಸ್’ ಆಯಿತು, ಅಂದರೆ ಮುಂದಿನ ಹಂತಕ್ಕೆ ಸಾಗಿತು, ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ‘ಅಂಗೀಕಾರ’, ‘ಅನುಮೋದನೆ’, ಇಲ್ಲವೇ ಎಲ್ಲದಕ್ಕೂ ಒದಗುವ ‘ಹಸಿರು ನಿಶಾನೆ’ ಎಂದು ಬರೆದುಬಿಡುವ ರೂಢಿಯಿದೆ.

ಆದರೆ ಅಂದು ಒಪ್ಪಿದ್ದು ಮಸೂದೆಯನ್ನಲ್ಲ, ಅದನ್ನು ಚರ್ಚೆಗೆ ಎತ್ತಿಕೊಳ್ಳಬಹುದು ಎಂಬುದನ್ನು ಮಾತ್ರ. ಆಮೇಲೆ ಡೆಮಾಕ್ರಟಿಕ್ ಸದಸ್ಯರು ಸುಮಾರು 940 ಪುಟಗಳ ಮಸೂದೆಯನ್ನು ಸದನದಲ್ಲಿ ಪೂರ್ತಿ ಓದಿಸಬೇಕೆಂದು ಪಟ್ಟುಹಿಡಿದರು; ಆ ಓದಿಗೇ ಹದಿನಾರು ಗಂಟೆಯಷ್ಟು ಹಿಡಿಯಿತು. ಚರ್ಚೆ ಮುಗಿದು, ತಿದ್ದುಪಡಿಗಳ ಮೇಲೆ ಒಂದರ ಹಿಂದೊಂದರಂತೆ ಮತದಾನ ನಡೆದು, ಜುಲೈ 1ರಂದು ಮಸೂದೆಯೇ ಮತಕ್ಕೆ ಬಂದಾಗ ಎರಡೂ ಕಡೆ ತಲಾ 50 ಮತಗಳು ಬಿದ್ದವು. ಉಪಾಧ್ಯಕ್ಷ ವ್ಯಾನ್ಸ್ ಅವರ ನಿರ್ಣಾಯಕ ಮತದಿಂದ ಅದು ಗೆದ್ದಿತು. ಜೂನ್ 28ಕ್ಕೇ ‘ಅಂಗೀಕಾರ’ ಎಂದು ಬರೆದವರಿಗೆ ಜುಲೈ 1ಕ್ಕೆ ಬರೆಯಲು ಯಾವ ಪದ ಉಳಿದೀತು?

‘ಅಡ್ವಾನ್ಸ್’ ಎಂಬುದನ್ನು ನೇರವಾಗಿ ಕನ್ನಡಿಸಹೊರಟರೆ ತೊಡಕು ಇನ್ನೂ ಹೆಚ್ಚು. ‘ಮುಂದೂಡು’ ಎಂಬುದಕ್ಕೆ ಮುಂದಕ್ಕೆ ದೂಡುವುದೆಂಬ ಅಕ್ಷರಾರ್ಥವಿದ್ದರೂ ಬಳಕೆಯಲ್ಲಿ ಅದು ತಡಮಾಡುವುದೇ ಆಗಿದೆ. ‘ಮದುವೆ ಮುಂದಕ್ಕೆ ಹೋಯಿತು’ ಎಂದರೆ ಛತ್ರದ ಮುಂಗಡ ಏನಾಯಿತೆಂದು ಕೇಳುವವರೇ ಹೊರತು ಸಂಭ್ರಮಪಡುವವರು ಯಾರೂ ಇಲ್ಲ. ಹಾಗಾಗಿ ‘ಮಸೂದೆ ಮುಂದಕ್ಕೆ’ ಎಂಬ ಶೀರ್ಷಿಕೆ ನಡೆದದ್ದಕ್ಕೆ ನೇರ ವಿರುದ್ಧವಾದ ಅರ್ಥವನ್ನು ಕೊಡುತ್ತದೆ. ‘ಮುಂದುವರಿಸು’ ಎಂದರೆ ಆಗಲೇ ಆರಂಭವಾದದ್ದನ್ನು ನಡೆಸಿಕೊಂಡು ಹೋಗುವುದು. ಇಲ್ಲಿ ಆರಂಭಕ್ಕೇ ಮತ ಬೇಕಾಗಿದೆ. ‘ಮುಂದೊಯ್ಯು’ ತಪ್ಪೇನಲ್ಲ, ಆದರೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಅದು ಹೇಳುವುದಿಲ್ಲ.

ನಮ್ಮ ವಿಧಾನಸಭೆಯ ಭಾಷೆಯಲ್ಲಿ ಈ ಹಂತಕ್ಕೆ ಹತ್ತಿರದ ಪದವೊಂದಿದೆ. ವಿಧೇಯಕವನ್ನು ಮಂಡಿಸಿದ ಮೇಲೆ ಅದನ್ನು ‘ಪರ್ಯಾಲೋಚಿಸಬೇಕು’, ಅಂದರೆ ಸದನ ಅದನ್ನು ವಿಚಾರಕ್ಕೆ ತೆಗೆದುಕೊಳ್ಳಬೇಕು, ಎಂಬ ಪ್ರಸ್ತಾವ ಬರುತ್ತದೆ, ಅಂಗೀಕಾರದ ಪ್ರಸ್ತಾವ ಅದಕ್ಕಿಂತ ಬೇರೆ. ಈ ಎರಡು ಪ್ರಸ್ತಾವಗಳೂ ಸಾಮಾನ್ಯವಾಗಿ ಧ್ವನಿಮತದಲ್ಲಿ ಬೆನ್ನುಬೆನ್ನಿಗೆ ಮುಗಿದುಹೋಗುವುದರಿಂದ ಪತ್ರಿಕೆಗಳಿಗೆ ಮೊದಲನೆಯದರ ಹೆಸರು ಹೇಳುವ ಪ್ರಸಂಗ ಬರುವುದಿಲ್ಲ, ಓದುಗರಿಗೂ ಅದು ಪರಿಚಯವಾಗುವುದಿಲ್ಲ. ಸೆನೆಟ್‌ನಲ್ಲಾದರೆ ಆ ಮೊದಲ ಪ್ರಸ್ತಾವದಲ್ಲೇ ಮಸೂದೆಯ ಹಣೆಬರಹ ತೀರ್ಮಾನವಾಗಿಬಿಡಬಹುದು.

ಇನ್ನೊಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಅದೇ ವರ್ಷ ಅಕ್ಟೋಬರ್ 1ರಿಂದ ಹಣಕಾಸಿನ ಮಂಜೂರಾತಿ ಇಲ್ಲದೆ ಅಮೆರಿಕದ ಸರ್ಕಾರಿ ಕಚೇರಿಗಳ ಕೆಲಸ ನಿಂತಿದ್ದಾಗ, ನವೆಂಬರ್ 9ರಂದು ಹಣ ಒದಗಿಸುವ ಮಸೂದೆಯ ವಿಷಯದಲ್ಲಿ ಸೆನೆಟ್‌ನಲ್ಲಿ 60–40ರ ಮತದಾನವಾಯಿತು. ಇಂಗ್ಲಿಷಿನಲ್ಲಿ ಇದೂ ‘ಅಡ್ವಾನ್ಸ್’. ಆದರೆ ಇದು ‘ಕ್ಲೋಷರ್’, ಅಂದರೆ ಮಾತನ್ನು ಮಿತಿಗೊಳಿಸಿ ಮತದಾನಕ್ಕೆ ದಾರಿ ಬಿಡಿಸುವ ಪ್ರಸ್ತಾವ. ಅದಕ್ಕೆ ನೂರರಲ್ಲಿ ಅರವತ್ತು ಮತ ಬೇಕು. ಜೂನ್‌ನ ಮಸೂದೆ 1974ರ ಬಜೆಟ್ ಕಾಯ್ದೆಯ ‘ರಿಕನ್ಸಿಲಿಯೇಷನ್’, ಅಂದರೆ ಬಜೆಟ್‌ಗೆ ಸಂಬಂಧಿಸಿದ ಮಸೂದೆಗಳಿಗೆ ಚರ್ಚೆಯ ಅವಧಿಯನ್ನು ಮೊದಲೇ ಗೊತ್ತುಮಾಡಿರುವ ವಿಶೇಷ ವಿಧಾನದಲ್ಲಿ ಬಂದದ್ದರಿಂದ ಅದಕ್ಕೆ ಸರಳ ಬಹುಮತ ಸಾಕಾಯಿತು. ಎರಡಕ್ಕೂ ಒಂದೇ ಕ್ರಿಯಾಪದ ಬಳಸಿದರೆ, ಜೂನ್‌ನಲ್ಲಿ 51 ಮತಗಳಿಗೆ ಆದ ಕೆಲಸಕ್ಕೆ ನವೆಂಬರಿನಲ್ಲಿ 60 ಏಕೆ ಬೇಕಾಯಿತು ಎಂದು ಓದುಗರು ಕೇಳುವುದು ಸಹಜ.

‘ಪ್ರೊಸೀಜರಲ್’ ಎಂಬುದಕ್ಕೆ ‘ಪ್ರಕ್ರಿಯಾತ್ಮಕ’ ಎಂದು ಬರೆಯುವುದುಂಟು. ನನಗೆ ಅದು ರಸಾಯನಶಾಸ್ತ್ರದ ಪಾಠದಂತೆ ಕೇಳಿಸುತ್ತದೆ. ಸದನದ ನಿಯಮಗಳ ಹೆಸರಿನಲ್ಲೇ ಇರುವ ‘ಕಾರ್ಯವಿಧಾನ’ ವಾಸಿ. ಆದರೂ ಮತದಾನಕ್ಕೆ ವಿಶೇಷಣ ಹಚ್ಚುವ ಬದಲು ಯಾವ ಪ್ರಸ್ತಾವದ ಮೇಲೆ ಮತದಾನವಾಯಿತು ಎಂದು ಹೇಳುವುದೇ ಮೇಲು ಎಂಬುದು ನನ್ನ ನಿಲುವು: ಜೂನ್‌ನದಕ್ಕೆ ‘ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳಲು ಸೆನೆಟ್ ಒಪ್ಪಿಗೆ’, ನವೆಂಬರಿನದಕ್ಕೆ ‘ಚರ್ಚೆಗೆ ಮಿತಿ: ಸೆನೆಟ್ ಒಪ್ಪಿಗೆ’.

ಈ ಎರಡನೆಯದರ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ‘ಗಿಲೋಟಿನ್’ ಪದ ನಮ್ಮಲ್ಲಿ ಪರಿಚಿತವೇ ಆದರೂ, ಲೋಕಸಭೆಯಲ್ಲಿ ಅದು ಗೊತ್ತಾದ ಕಡೆಯ ದಿನ ಇಲಾಖೆಗಳ ಅನುದಾನದ ಉಳಿದ ಬೇಡಿಕೆಗಳನ್ನೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕುವುದಕ್ಕೆ ಹೇಳುವ ಮಾತು; ಸದಸ್ಯರೇ ಮತ ಹಾಕಿ ಚರ್ಚೆಗೆ ಮಿತಿ ಹಾಕುವುದಕ್ಕೆ ಅದು ಒಪ್ಪುವುದಿಲ್ಲ. ವಿಧಾನಮಂಡಲದ ಕಲಾಪ ವರದಿ ಮಾಡಿದವರು ಅಥವಾ ಅದರ ಅನುವಾದದಲ್ಲಿ ತೊಡಗಿದವರು ಇಲ್ಲಿದ್ದರೆ, ಇಂಥ ಪ್ರಸ್ತಾವಕ್ಕೆ ಕಡತಗಳಲ್ಲಿ ಬಳಕೆಯಾದ ಪದ ಯಾವುದೆಂದು ತಿಳಿಸಬೇಕಾಗಿ ಕೋರುತ್ತೇನೆ. ‘ಎತ್ತಿಕೊಳ್ಳು’ ಎಂಬುದು ‘ಪರ್ಯಾಲೋಚನೆ’ಯ ಜಾಗದಲ್ಲಿ ನಿಲ್ಲಬಲ್ಲುದೇ ಎಂಬುದರ ಬಗೆಗೂ ದಯಮಾಡಿ ಬರೆಯಿರಿ.