ಡಿಲೀಟ್ ಆದ ಮೆಸೇಜಿಗೆ 117 ರಿಪ್ಲೈ

ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಫೋನು ಗುಂಯ್‌ಗುಡೋಕೆ ಶುರುವಾಯಿತು. ನಮ್ಮ ‘ಹಳೇಮನೆ ಬಳಗ’ ಗ್ರೂಪಲ್ಲಿ 43 ಜನ ಇದ್ದೇವೆ. ದಿನಾ ಬರೋದು ಶುಭೋದಯ, ಹುಟ್ಟುಹಬ್ಬ, ಯಾರಾದರೂ ಹೋದರೆ ಓಂ ಶಾಂತಿ. ಅವತ್ತು ಚಿಕ್ಕಪ್ಪ ಇದನ್ನು ಹಾಕಿದ್ದರು:

‘ಹೊಸ ಕಾನೂನು!! ಅತ್ಯಾಚಾರ ಆಗಿ 24 ಗಂಟೆಯೊಳಗೆ ಪರೀಕ್ಷೆ ಮಾಡಿಸದಿದ್ದರೆ ಕೇಸೇ ಇಲ್ಲ. ಅಮೆರಿಕದಲ್ಲಿ ಸ್ಯಾಂಪಲ್ ಎಲ್ಲಿದೆ ಅಂತ ಕೊರಿಯರ್ ಥರ ನೋಡಬಹುದು. ನಮ್ಮಲ್ಲಿ ದನದ ಕಿವಿಗೆ ನಂಬರ್ ಇದೆ, ಹೆಣ್ಣಿನ ಸಾಕ್ಷ್ಯಕ್ಕೆ ಇಲ್ಲ. ಹತ್ತು ಜನಕ್ಕೆ ಕಳಿಸಿ.’

ದನದ ಕಿವಿಯ ಹಳದಿ ಓಲೆಯ ಮಾತು ಎಲ್ಲರಿಗೂ ನಾಟಿತು. ಕೈಮುಗಿದವರು ಮೂವರು, ನಕ್ಕವರು ಇಬ್ಬರು. 24 ಗಂಟೆ ಅನ್ನೋ ಸಾಲನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ.

ನನ್ನ ತಮ್ಮ ಕಿರಣ ಎಂದಿನಂತೆ ಒಂದೇ ಪದ ಹಾಕಿದ: ‘ಸೋರ್ಸ್?’

ಚಿಕ್ಕಪ್ಪ: ‘ನಮ್ಮ ವಾಕಿಂಗ್ ಗ್ರೂಪಲ್ಲಿ ಬಂತು. ಅಲ್ಲಿ ರಿಟೈರ್ಡ್ ಡಿವೈಎಸ್ಪಿ ಇದ್ದಾರೆ.’

ಕಿರಣ: ‘ಅವರು ಬರೆದದ್ದಾ?’

ಚಿಕ್ಕಪ್ಪ: ‘ಅವರಿಗೂ ಎಲ್ಲಿಂದಲೋ ಬಂದಿದ್ದು.’

ಕಿರಣ: ‘ಎರಡು ಸಾವಿರದ ನೋಟಲ್ಲಿ ಚಿಪ್ ಇದೆ ಅಂತ 2016ರಲ್ಲಿ ಕಳಿಸಿದ್ದೂ ನೀವೇ ಅಲ್ವಾ?’

ಚಿಕ್ಕಪ್ಪ: ‘ಅದನ್ನ ಇನ್ನೂ ಹಿಡ್ಕೊಂಡು ಕೂತಿದ್ದೀಯ. ನಿನ್ನ ಗೃಹಪ್ರವೇಶಕ್ಕೆ ನಮ್ಮನ್ನ ಬರೀ ಫೋನಲ್ಲಿ ಕರೆದೆಯಲ್ಲ, ನಾನೇನಾದ್ರೂ ಮನಸ್ಸಲ್ಲಿ ಇಟ್ಕೊಂಡಿದ್ದೀನಾ?’

ಇಟ್ಟುಕೊಂಡಿದ್ದಾರೆ ಅಂತ ಅಲ್ಲಿಗೆ 43 ಜನಕ್ಕೂ ಗೊತ್ತಾಯಿತು. ಚಿಕ್ಕಮ್ಮ ಅದರ ಕೆಳಗೇ, ‘ಮನೆಗೆ ಬಂದು ಕುಂಕುಮ ಇಟ್ಟು ಕರೀಬೇಕಿತ್ತು ಅಂತ ನಾನು ಅವತ್ತೇ ಅಂದೆ’ ಅಂತ ಸೇರಿಸಿದರು.

ಆಮೇಲೆ ದೊಡ್ಡಪ್ಪ ಬಂದರು. ರಿಟೈರ್ಡ್ ಹೆಡ್‌ಮಾಸ್ಟರು. ವಾಟ್ಸಾಪಲ್ಲೂ ‘ಕ್ಷೇಮ’ದಿಂದ ಶುರುಮಾಡಿ ‘ಇತಿ, ನಿಮ್ಮ ದೊಡ್ಡಪ್ಪ’ ಅಂತ ಮುಗಿಸುವವರು. ಹೆಣ್ಣುಮಕ್ಕಳಿರುವ ಗುಂಪಿನಲ್ಲಿ ಇಂಥ ವಿಷಯ ಬೇಡ, ಮನೆಯಲ್ಲಿ ಸಂಸ್ಕಾರ ಕೊಟ್ಟರೆ ಕಾನೂನಿನ ಅಗತ್ಯವೇ ಬೀಳುವುದಿಲ್ಲ ಅಂತ ಹದಿನಾಲ್ಕು ಸಾಲು. ಸೋದರತ್ತೆ ಒಂದೇ ಸಾಲಲ್ಲಿ ಕೇಳಿದರು: ‘ಹೆಣ್ಮಕ್ಕಳು ಇರೋದಕ್ಕೇ ಬೇಕಲ್ವಾ ಅಣ್ಣಯ್ಯ?’ ಅದಕ್ಕೆ ಉತ್ತರ ಬರಲಿಲ್ಲ.

ಆಗ ಸುಮತ್ತಿಗೆ ಬರೆದರು. ತಾಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಗ್ರೂಪಲ್ಲಿ ಬಾಯಿ ಬಿಡೋದೇ ಅಪರೂಪ. ಅವರು ಬರೆದದ್ದನ್ನು ಹಾಗೇ ಹಾಕುತ್ತೇನೆ:

‘ನೈಟ್ ಡ್ಯೂಟಿ ಮುಗಿಸಿ ಈಗ ಬಂದೆ. 24 ಗಂಟೆ ಆ ಹುಡುಗಿಗೆ ಹಾಕಿದ ಗಡುವಲ್ಲ, ಪೊಲೀಸರಿಗೆ ಹಾಕಿದ್ದು. ವಿಷಯ ಗೊತ್ತಾದ 24 ಗಂಟೆ ಒಳಗೆ ಅವರು ಡಾಕ್ಟರ ಹತ್ರ ಕಳಿಸಬೇಕು. ಅವಳು ಒಪ್ಪಿದರೆ ಮಾತ್ರ ಪರೀಕ್ಷೆ. ಮೂರು ದಿನ ಬಿಟ್ಟು ಬಂದರೂ ನೋಡ್ತೀವಿ, ಸ್ವ್ಯಾಬ್, ಅಂದರೆ ಹತ್ತಿ ಕಡ್ಡೀಲಿ ಒರೆಸಿ ತೆಗೆಯೋ ಸ್ಯಾಂಪಲ್, 96 ಗಂಟೆವರೆಗೂ ತಗೋಬಹುದು, ಅದೂ ದಾಟಿ ಬಂದರೂ ವಾಪಸ್ ಕಳಿಸೋ ಹಾಗಿಲ್ಲ. ಸ್ವ್ಯಾಬ್ ಹಸಿ ಇದ್ದಾಗಲೇ ಕಟ್ಟಿದರೆ ಬೂಷ್ಟು ಹಿಡಿಯುತ್ತೆ, ಅದಕ್ಕೇ ಮೊದಲು ನೆರಳಲ್ಲಿ ಒಣಗಿಸಿ ಪೇಪರ್ ಕವರಿಗೆ ಹಾಕೋದು, ಪ್ಲಾಸ್ಟಿಕ್ ಅಲ್ಲ. ಬಟ್ಟೆ ಬೇರೆ, ಉಗುರಿನದು ಬೇರೆ, ಕೂದಲು ಬೇರೆ. ಒಂದೊಂದಕ್ಕೂ ಅರಗಿನ ಸೀಲು, ಡಾಕ್ಟರ ಸಹಿ. ಆ ಸೀಲಿನ ಗುರುತನ್ನ ಬೇರೆ ಕಾಗದದ ಮೇಲೂ ಒತ್ತಿ ಕೊಡ್ತೀವಿ, ಲ್ಯಾಬಲ್ಲಿ ತಾಳೆ ನೋಡೋಕೆ. ಪೊಲೀಸಮ್ಮ ಬಂದು ಸಹಿ ಹಾಕಿ ತಗೊಂಡು ಹೋಗ್ತಾಳೆ. ಆಮೇಲೆ ಅದು ಎಲ್ಲಿದೆ ಅಂತ ನಮಗೂ ಗೊತ್ತಾಗಲ್ಲ.’

ಆರು ಹೆಬ್ಬೆಟ್ಟು ಬಿದ್ದವು. ಏಳನೆಯದಾಗಿ ನಾಗಣ್ಣ ಬಂದ. ‘ತಾಲೂಕು ಆಸ್ಪತ್ರೆ ಅಂದ ತಕ್ಷಣ ಆ ಕಾಂಪೌಂಡರು ನೆನಪಾದರು. ಕೆಂಪು ನೀರಿನ ಔಷಧಿ ಬಾಟಲಿಗೆ ಪೇಪರನ್ನ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸ್ತಿದ್ದರಲ್ಲ, ಒಂದೊಂದು ಹಲ್ಲಿಗೆ ಒಂದು ಡೋಸು!’ ಮುಗೀತು. ಬಾಟಲಿ ಮನೆಯಿಂದಲೇ ತಗೊಂಡು ಹೋಗಬೇಕಿತ್ತು, ಆಸ್ಪತ್ರೆ ಹಿಂದೆ ನೇರಳೆ ಮರ ಇತ್ತು, ಇಲ್ಲ ಅದು ನೇರಳೆಯಲ್ಲ ಹುಣಸೆ. ಈ ಮರದ ವಿಷಯಕ್ಕೇ 22 ಮೆಸೇಜು.

ಇಷ್ಟರಲ್ಲಿ ಡಲ್ಲಾಸಲ್ಲಿರೋ ಪ್ರಶಾಂತ ಬಂದ. ‘ಟೆಕ್ಸಾಸಲ್ಲಿ ಟ್ರ್ಯಾಕಿಂಗ್ ಇರೋದು ನಿಜ ಚಿಕ್ಕಪ್ಪ. 2017ರಲ್ಲಿ ಅದಕ್ಕೇ ಕಾನೂನು ಮಾಡಿದರು. ಆಕೆಗೇ ನಂಬರ್ ಕೊಡ್ತಾರೆ, ಕಿಟ್ (ಆ ಸ್ಯಾಂಪಲ್‌ಗಳಿರೋ ಪೆಟ್ಟಿಗೆ) ಆಸ್ಪತ್ರೇಲಿದೆಯೋ, ಪೊಲೀಸರ ಹತ್ರ ಇದೆಯೋ, ಲ್ಯಾಬಲ್ಲಿದೆಯೋ ಅಂತ ಅವಳೇ ನೋಡಬಹುದು. 2019ರಲ್ಲಿ ಇನ್ನೊಂದು ಬಂತು. ಪೊಲೀಸರು 30 ದಿನದಲ್ಲಿ ಲ್ಯಾಬಿಗೆ ಕಳಿಸಬೇಕು ಅನ್ನೋದು ಮೊದಲೇ ಇತ್ತು, ಲ್ಯಾಬು 90 ದಿನದಲ್ಲಿ ಮುಗಿಸಬೇಕು ಅಂತ ಇದರಲ್ಲಿ ಸೇರಿಸಿದರು. ಆದರೆ ಇವರೇನೂ ಒಳ್ಳೇತನಕ್ಕೆ ಮಾಡಿದ್ದಲ್ಲ. 2009ರಲ್ಲಿ ಡೆಟ್ರಾಯ್ಟ್‌ ಪೊಲೀಸರ ಗೋಡೌನಲ್ಲಿ 11 ಸಾವಿರಕ್ಕಿಂತ ಜಾಸ್ತಿ ಕಿಟ್ ಸಿಕ್ಕವು. ಪರೀಕ್ಷೆಯೇ ಆಗದೆ ವರ್ಷಗಟ್ಟಲೆ ಬಿದ್ದಿದ್ದವು. ಬೇರೆ ಕಡೆಯೂ ಇದೇ ಕಥೆ. ಇಷ್ಟೆಲ್ಲ ಮಾನ ಹೋದ ಮೇಲೆ ಬಂದ ಕಾನೂನುಗಳು ಇವು.’

ಚಿಕ್ಕಪ್ಪ ಮೊದಲ ಅರ್ಧ ಓದಿ ‘ನೋಡಿದ್ಯಾ ಕಿರಣ?’ ಅಂದರು. ಕಿರಣ ಎರಡನೇ ಅರ್ಧ ಓದಿ ‘ನೋಡಿದ್ರಾ ಚಿಕ್ಕಪ್ಪ?’ ಅಂದ. ‘ಪ್ರಶಾಂತನಿಗೆ ಕಾರ್ಡ್ ಕೊರಿಯರ್ ಮಾಡಿದ್ರು, ಮೈಸೂರಲ್ಲಿರೋ ನಮಗೆ ಮಾತ್ರ ಫೋನು’ ಅಂತ ಚಿಕ್ಕಮ್ಮ.

ನನಗೂ ಸುಮ್ನೆ ಇರೋಕೆ ಆಗಲಿಲ್ಲ. ದೋಸೆ ಸೀದಿತ್ತು, ಗ್ಯಾಸ್ ಆರಿಸಿ ಕೂತು ಟೈಪ್ ಮಾಡಿದೆ. ಸುಮತ್ತಿಗೆ ಹೇಳಿದ್ದೇ ಸರಿ. ಅದು ಪೊಲೀಸ್ ತನಿಖೆ, ಕೋರ್ಟ್ ವಿಚಾರಣೆ ಹೇಗೆ ನಡೀಬೇಕು ಅಂತ ಹೇಳೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 184ನೇ ಸೆಕ್ಷನ್, ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. 24 ಗಂಟೆ ಹೊಸದೂ ಅಲ್ಲ, ಇದರ ಜಾಗದಲ್ಲಿ ಮೊದಲಿದ್ದ ಹಳೇ ಸಿಆರ್‌ಪಿಸಿಯ 164ಎಯಲ್ಲೂ ಇತ್ತು. ಹೊಸದು ಏನಪ್ಪಾ ಅಂದರೆ ಡಾಕ್ಟರು ಏಳು ದಿನದಲ್ಲಿ ರಿಪೋರ್ಟ್ ಕೊಡಬೇಕು ಅನ್ನೋದು. ಮತ್ತೆ 2025ರ ಜುಲೈನಲ್ಲಿ, ತಮಿಳುನಾಡಿನ ಒಂದು ಕೇಸಲ್ಲಿ, ಡಿಎನ್‌ಎ ಸ್ಯಾಂಪಲ್ ಸರಿಯಾಗಿ ನೋಡಿಕೊಳ್ಳದ್ದನ್ನು ಕಂಡು ಸುಪ್ರೀಂ ಕೋರ್ಟು ಗಲ್ಲು ಶಿಕ್ಷೆ ಆಗಿದ್ದವನನ್ನೇ ಬಿಡುಗಡೆ ಮಾಡಿತು. ಇನ್ನು ಮುಂದೆ ಸ್ಯಾಂಪಲ್ 48 ಗಂಟೆಯೊಳಗೆ ಲ್ಯಾಬು ಮುಟ್ಟಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ರಿಜಿಸ್ಟರ್ ಇಡಬೇಕು ಅಂತ ದೇಶಕ್ಕೆಲ್ಲ ಹೇಳಿತು. ಅಂದರೆ ಚಿಕ್ಕಪ್ಪನ ಫಾರ್ವರ್ಡಲ್ಲಿ 24 ಗಂಟೆಯದ್ದು ಸುಳ್ಳು, ದನದ ಕಿವಿಯದ್ದು ಹೆಚ್ಚುಕಮ್ಮಿ ನಿಜ. ರಿಜಿಸ್ಟರ್ ಇರೋದು ಪೊಲೀಸರಿಗೆ, ಕೋರ್ಟಿಗೆ. ಆ ಹುಡುಗಿ ಮನೇಲಿ ಕೂತು ನೋಡೋ ಅಂಥ ನಂಬರ್ ಇನ್ನೂ ಇಲ್ಲ.

ಚಿಕ್ಕಪ್ಪ: ‘ನೀನು ತಮ್ಮನ ಪರ ಅಂತ ಗೊತ್ತಿತ್ತು.’

ಸಂಹಿತೆ ಅನ್ನೋ ಪದಕ್ಕೆ ದೊಡ್ಡಪ್ಪ ಮೆಚ್ಚುಗೆ ಕಳಿಸಿದರು, ಜೊತೆಗೆ ನನ್ನ ಎರಡು ಕಾಗುಣಿತ ತಿದ್ದಿದರು.

ಮಧ್ಯಾಹ್ನ ಊಟ ಆದಮೇಲೆ ನೋಡಿದರೆ ಚಿಕ್ಕಪ್ಪ ಮೂಲ ಮೆಸೇಜನ್ನೇ ಅಳಿಸಿಹಾಕಿದ್ದರು. ಕೆಳಗೆ ಬಾಕಿ 117 ಮೆಸೇಜು ಹಾಗೇ ನಿಂತಿದ್ದವು. ವಾಕಿಂಗ್ ಗ್ರೂಪಲ್ಲೂ ಅಳಿಸಿದಿರಾ ಅಂತ ಫೋನ್ ಮಾಡಿ ಕೇಳಿದೆ. ‘ಅಲ್ಲಿ ಹಾಕಿದ್ದು ನಾನಲ್ಲವಲ್ಲ’ ಅಂದರು. ಕಳಿಸಿ ಅಂತ ಬರೆದಿದ್ದ ಹತ್ತು ಜನಕ್ಕೆ? ಎಂಟೇ ಜನಕ್ಕೆ ಕಳಿಸಿದ್ದರಂತೆ.

ಸಂಜೆ ಹಾಸನದ ಮಾವ ನಿದ್ದೆ ಮುಗಿಸಿ ಗ್ರೂಪಿಗೆ ಬಂದರು. ‘ಏನೋ ಡಿಲೀಟ್ ಆಗಿದೆಯಲ್ಲ, ಏನದು? ಗೃಹಪ್ರವೇಶದ ವಿಷಯಾನಾ?’

ಚಿಕ್ಕಮ್ಮ ಟೈಪ್ ಮಾಡ್ತಾ ಇದ್ದಾರೆ ಅಂತ ಮೇಲೆ ತೋರಿಸತೊಡಗಿತು.