ಒಂದೇ ‘ಮೌಲ್ಯಮಾಪನ’, ಎರಡು ಕಡೆ: ಬೇರೆ ಪದ ಇದೆಯಾ?

ಗೆಳೆಯರೇ,

ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವುದನ್ನು ಕಲಿಸುವ ಸ್ನಾತಕೋತ್ತರ ಕೋರ್ಸಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವುದು ಹೇಗೆ ಅನ್ನೋದು ವಿಷಯ. ಮೊದಲ ಪುಟದಲ್ಲೇ ‘ಅಸೆಸ್‌ಮೆಂಟ್’, ಅಂದರೆ ನಮ್ಮ ‘ಮೌಲ್ಯಮಾಪನ’, ಕಾಲಿಗೆ ತೊಡರಿಕೊಂಡಿತು.

ವಿದ್ಯಾರ್ಥಿನಿ ಒಂದು ಮಗುವಿಗೆ ಕಾಗೆಯ ಚಿತ್ರ ತೋರಿಸುತ್ತಾಳೆ ಅಂದುಕೊಳ್ಳಿ. ಮಗು ‘ತಾದೆ’ ಅನ್ನುತ್ತದೆ. ನಾಲಿಗೆಯ ಹಿಂಭಾಗ ಏಳಬೇಕಾದ ಕಡೆ ತುದಿ ಏಳುತ್ತಿದೆ, ಹಾಗಾಗಿ ಕ ಹೋಗಿ ತ, ಗ ಹೋಗಿ ದ. ಅವಳು ಅದನ್ನು ಬರೆದುಕೊಳ್ಳುತ್ತಾಳೆ. ಗಾಜಿನ ಆಚೆ ಕೂತ ಮೇಷ್ಟ್ರು ಅವಳ ಬಗ್ಗೆ ಬರೆದುಕೊಳ್ಳುತ್ತಿದ್ದಾರೆ: ಮಗು ಬಾಯಿ ಬಿಡುವವರೆಗೆ ಕಾದಳಾ, ಇಲ್ಲ ತಾನೇ ‘ಕಾಗೆ’ ಅಂತ ಹೇಳಿಕೊಟ್ಟುಬಿಟ್ಟಳಾ? ನನ್ನ ಕರಡಿನಲ್ಲಿ ಎರಡೂ ಹಾಳೆಯ ತಲೆಬರಹ ‘ಮೌಲ್ಯಮಾಪನ ವರದಿ’. ಓದಿದ ಸ್ನೇಹಿತರೊಬ್ಬರು, “ಪಾಪ, ಮಗುವಿಗೆ ಎಷ್ಟು ಅಂಕ ಬಂತು?” ಅಂತ ಕೇಳಿದರು.

ಅವರದ್ದೇನೂ ತಪ್ಪಿಲ್ಲ. ಮೌಲ್ಯಮಾಪನ ಅಂದರೆ ನಮಗೆ ನೆನಪಾಗೋದು ಉತ್ತರಪತ್ರಿಕೆ, ಕೆಂಪು ಶಾಯಿ. ‘ಪರೀಕ್ಷೆ’ ಇನ್ನೂ ಗೋಜಲು, ರಕ್ತಕ್ಕೂ ಅದೇ, ಗಣಿತಕ್ಕೂ ಅದೇ. ಸದ್ಯಕ್ಕೆ ಮಗುವಿನದ್ದನ್ನು ‘ಮಾತಿನ ತಪಾಸಣೆ’ ಮಾಡಿ, ಮೌಲ್ಯಮಾಪನವನ್ನು ವಿದ್ಯಾರ್ಥಿಗೆ ಬಿಟ್ಟಿದ್ದೇನೆ. ತಪಾಸಣೆಗೆ ಚೆಕ್‌ಪೋಸ್ಟಿನ ವಾಸನೆ ಸ್ವಲ್ಪ ಇದೆ, ಒಪ್ಪುತ್ತೇನೆ. ವಿದ್ಯಾರ್ಥಿಯ ಮೌಲ್ಯಮಾಪನದ ಎರಡು ಬಗೆಗಳಿಗೆ ಇರುವ ‘ರೂಪಣಾತ್ಮಕ’ (ಫಾರ್ಮೆಟಿವ್), ‘ಸಂಕಲನಾತ್ಮಕ’ (ಸಮ್ಮೆಟಿವ್) ಎರಡನ್ನೂ ಕೈಬಿಟ್ಟೆ. ಮಾತಿನ ಚಿಕಿತ್ಸೆಯ ಪುಸ್ತಕದಲ್ಲೇ ನಾಲಿಗೆ ತಡವರಿಸುವ ಪದ ಯಾಕೆ, ಅಲ್ವಾ? ‘ಕಲಿಯುವಾಗಿನ’, ‘ಕಲಿತ ಮೇಲಿನ’ ಅಂತ ಬರೆದಿದ್ದೇನೆ.

ಜಾಸ್ತಿ ತಲೆ ತಿನ್ನುತ್ತಿರುವುದು ‘ಬಲ್ಲ’. ವೈದ್ಯಕೀಯ ಶಿಕ್ಷಣಕ್ಕೆಂದು ಜಾರ್ಜ್ ಮಿಲ್ಲರ್ 1990ರಲ್ಲಿ ಹೇಳಿದ ನಾಲ್ಕು ಮೆಟ್ಟಿಲುಗಳನ್ನು ಇಲ್ಲೂ ಬಳಸುತ್ತಾರೆ. ವಿಷಯ ಗೊತ್ತಿರುವುದು, ಹೇಗೆ ಮಾಡುವುದೆಂದು ಗೊತ್ತಿರುವುದು, ಮಾಡಿ ತೋರಿಸುವುದು, ಕೊನೆಗೆ ದಿನದ ಕೆಲಸದಲ್ಲಿ ಮಾಡುವುದು. ನಮ್ಮ ‘ಬಲ್ಲ’ ಈ ಮೆಟ್ಟಿಲುಗಳನ್ನೆಲ್ಲ ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ. ‘ವ್ಯಾಕರಣ ಬಲ್ಲಳು’ ಅಂದರೆ ತಿಳಿದಿದೆ ಅಂತ. ‘ಈಜು ಬಲ್ಲಳು’ ಅಂದರೆ ಈಜಿನ ಪುಸ್ತಕ ಓದಿದ್ದಾಳೆ ಅಂತ ಯಾರೂ ಅಂದುಕೊಳ್ಳಲ್ಲ. ಮಗು ‘ತಾದೆ’ ಯಾಕೆ ಅನ್ನುತ್ತದೆ ಎಂದು ಬಲ್ಲವಳು ಅದನ್ನು ‘ಕಾಗೆ’ ಮಾಡಿಸಬಲ್ಲಳು ಅಂತ ಇಲ್ಲ. ಅಂಕಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಬೇಕು.

ಮಾತು, ಶ್ರವಣ ತಜ್ಞರದ್ದೇ ಆದ ಅಮೆರಿಕದ ಆಶಾ (ASHA) ಸಂಸ್ಥೆ ಮಾತಿನ ಚಿಕಿತ್ಸಕರಿಗೆ ಕೊಡುವ ಪ್ರಮಾಣಪತ್ರಕ್ಕೆ 400 ಗಂಟೆಗಳ ಅನುಭವ ಬೇಕು. 25 ಗಂಟೆ ನೋಡುವುದು, 375 ಗಂಟೆ ಸ್ವತಃ ಮಾಡುವುದು. ಗಂಟೆಯನ್ನೇನೋ ಎಣಿಸಬಹುದು. ಆ ಗಂಟೆಗಳಲ್ಲಿ ಬಂದದ್ದಕ್ಕೆ ಏನನ್ನೋಣ? ‘ಸಾಮರ್ಥ್ಯ’ ಅಂದರೆ ನೀರಿನ ಟ್ಯಾಂಕಿಗೂ ಇರುತ್ತದೆ. ‘ಪಳಗಿಕೆ’ ಅಂದರೆ ಆನೆ ಕಣ್ಮುಂದೆ ಬರುತ್ತದೆ. ‘ಕೈ ಪಳಗಿದೆ’, ‘ಇನ್ನೂ ಪಳಗಬೇಕು’ ಅಂತ ಕಾಲಂನಲ್ಲಿ ಬರೆದರೆ ನಗುತ್ತೀರಾ? ಇದಕ್ಕಿಂತ ಒಳ್ಳೆಯದು ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ.