ಮಗಳ ಎಂಜಿನಿಯರಿಂಗ್ ಶುಲ್ಕ: ವಿದ್ಯಾರ್ಥಿವೇತನ, ಅರಿವು ಸಾಲ, ಬ್ಯಾಂಕ್ ಸಾಲ – ಯಾವುದಕ್ಕೆ ಮೊದಲು ಅರ್ಜಿ ಹಾಕಬೇಕು?

ಪ್ರಶ್ನೆ: ತೆಂಗು ಬೆಳೆಗಾರ, ಅರಸೀಕೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿಯನ್ನೂ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪಿಯುಸಿಯನ್ನೂ ಮುಗಿಸಿ, ಸಿಇಟಿಯ ಮೊದಲ ಸುತ್ತಿನಲ್ಲಿ ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಸೀಟು ಪಡೆದಿದ್ದಾಳೆ. ನಾವು 2ಎ ಪ್ರವರ್ಗದವರು. ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿ ಎಂದಿದೆ. ಶುಲ್ಕವೇ ವರ್ಷಕ್ಕೆ ಒಂದು ಲಕ್ಷ ದಾಟುತ್ತದೆ, ಊಟ ವಸತಿಯ ಖರ್ಚು ಬೇರೆ. ಬ್ಯಾಂಕಿನಲ್ಲಿ ವಿಚಾರಿಸಿದಾಗ, 4 ಲಕ್ಷದ ಸಾಲಕ್ಕೂ ತೋಟದ ಪಹಣಿ ತಂದು ಅಡಮಾನ ಮಾಡಿಕೊಡಬೇಕು ಎಂದರು. ಇರುವ ಎರಡೂವರೆ ಎಕರೆ ತೋಟವೇ ನಮ್ಮ ಜೀವನಾಧಾರ. ಅದನ್ನು ಬರೆದುಕೊಡಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ವಿದ್ಯಾರ್ಥಿವೇತನ, ಅರಿವು ಸಾಲ, ಪ್ರಗತಿ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಇವುಗಳಲ್ಲಿ ಹಿಂದಿರುಗಿಸಬೇಕಾದದ್ದು ಯಾವುದು, ಬೇಡವಾದದ್ದು ಯಾವುದು, ಯಾವುದಕ್ಕೆ ಮೊದಲು ಅರ್ಜಿ ಹಾಕಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ 1: ಕಾಲೇಜೊಂದರ ವಿದ್ಯಾರ್ಥಿವೇತನ ವಿಭಾಗದ ಸಿಬ್ಬಂದಿ

ಸರ್, ಮೊದಲು ನಿಮ್ಮ ಮಗಳಿಗೆ ಅಭಿನಂದನೆಗಳು. ಸಾಲದ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಶುಲ್ಕವೇ ಕಡಿಮೆಯಾಗುವ ದಾರಿ ಇದೆಯೇ ಎಂದು ಮೊದಲು ನೋಡಬೇಕು, ಅನಂತರ ಹಿಂದಿರುಗಿಸಬೇಕಾಗಿಲ್ಲದ ಹಣಕ್ಕೆ ಅರ್ಜಿ ಹಾಕಬೇಕು, ಆಮೇಲೂ ಉಳಿದ ಮೊತ್ತಕ್ಕೆ ಮಾತ್ರ ಸಾಲ ಮಾಡಬೇಕು. ಬಹಳ ಮನೆಗಳಲ್ಲಿ ಇದು ತಿರುವುಮುರುವಾಗಿ, ಬೇಕಾದದ್ದಕ್ಕಿಂತ ದೊಡ್ಡ ಸಾಲ ತಲೆಯ ಮೇಲೆ ಕೂರುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಶುಲ್ಕ ಕಡಿಮೆಯಾಗುವ ದಾರಿಯೆಂದರೆ ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾದ ಸೀಟು. ಪ್ರತಿ ವಿಭಾಗದ ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟುಗಳನ್ನು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗಾಗಿ ಬೋಧನಾ ಶುಲ್ಕದ ವಿನಾಯಿತಿಯೊಂದಿಗೆ ಇಟ್ಟಿರುತ್ತಾರೆ. ಇದನ್ನು ಸಿಇಟಿ ಅರ್ಜಿಯ ಹಂತದಲ್ಲೇ ಕೇಳಿರಬೇಕು. ಸಿಇಟಿಯ ದಾಖಲೆ ಪರಿಶೀಲನೆಯ ನಂತರ ಸಿಗುವ ಮಗಳ ವೆರಿಫಿಕೇಶನ್ ಸ್ಲಿಪ್ ತೆಗೆದು ನೋಡಿ. ಅದರಲ್ಲಿ ಎಸ್‌ಎನ್‌ಕ್ಯೂ ನಮೂದಾಗಿದ್ದರೆ, ಈಗ ಸಿಕ್ಕಿರುವ ಸೀಟನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೂ ಕಾಯುವ ಅವಕಾಶವಿರುವ ಚಾಯ್ಸ್ 2ರ ಬಗ್ಗೆ ಯೋಚಿಸಬಹುದು. ಆದರೆ ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಆಯ್ಕೆ ಸಿಕ್ಕಿದರೆ ಈಗಿನ ಸೀಟು ತಾನಾಗಿ ಹೋಗುತ್ತದೆ. ಆದ್ದರಿಂದ ಮಗಳಿಗೆ ನಿಜವಾಗಿ ಬೇಕಾದ ಆಯ್ಕೆಗಳು ಮಾತ್ರ ಮೇಲಿರಲಿ.

ಇನ್ನು ಹಿಂದಿರುಗಿಸಬೇಕಾಗಿಲ್ಲದ ಹಣ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎನ್ನುವ ತಾಣದಲ್ಲಿ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ಶುಲ್ಕ ವಿನಾಯಿತಿಗೆ ಅರ್ಜಿ ಹಾಕಬೇಕು. ಆದಾಯ ಮಿತಿ ಪ್ರವರ್ಗಕ್ಕೆ ತಕ್ಕಂತೆ ಬೇರೆಯಾಗುವುದರಿಂದ ಆ ವರ್ಷದ ಅಧಿಸೂಚನೆಯನ್ನೇ ಓದಿ. ವಸತಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕುವುದನ್ನು ಮರೆಯಬೇಡಿ, ಏಕೆಂದರೆ ಅಲ್ಲಿ ಸ್ಥಳ ಸಿಗದವರಿಗಾಗಿಯೇ ವಿದ್ಯಾಸಿರಿ ಯೋಜನೆಯಲ್ಲಿ ಊಟ ಮತ್ತು ವಸತಿಗೆಂದು ತಿಂಗಳಿಗೆ ಇಂತಿಷ್ಟು ಹಣವನ್ನು ಹತ್ತು ತಿಂಗಳು ಕೊಡುವ ವ್ಯವಸ್ಥೆ ಇದೆ.

ಮಗಳು ಎರಡೂ ಹಂತಗಳನ್ನು ಸರ್ಕಾರಿ ಸಂಸ್ಥೆಯಲ್ಲೇ ಓದಿರುವುದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಅಂಥ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನದಲ್ಲಿ ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ ದೊರೆಯುತ್ತದೆ. ಪ್ರಗತಿ ಎಂಬುದು ತಾಂತ್ರಿಕ ಶಿಕ್ಷಣ ಓದುವ ಹುಡುಗಿಯರಿಗೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಕೊಡುವ ವಿದ್ಯಾರ್ಥಿವೇತನ: ಕುಟುಂಬದ ಆದಾಯ 8 ಲಕ್ಷ ಮೀರಿರಬಾರದು, ಮೊತ್ತ ವರ್ಷಕ್ಕೆ 50,000 ರೂಪಾಯಿ, ಆಯ್ಕೆ ಅಂಕಗಳ ಮೇಲೆ, ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಆದರೆ ಪ್ರಗತಿ ಪಡೆಯುವವರು ಕೇಂದ್ರದ ಅಥವಾ ರಾಜ್ಯದ ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಎರಡು ಕಡೆ ಮಂಜೂರಾದರೆ ಯಾವುದರಲ್ಲಿ ಒಟ್ಟು ಮೊತ್ತ ಹೆಚ್ಚು ಎಂದು ಲೆಕ್ಕ ಹಾಕಿ ಒಂದನ್ನು ಬರವಣಿಗೆಯಲ್ಲಿ ಬಿಟ್ಟುಕೊಡಿ. ಸುಮ್ಮನೆ ಎರಡನ್ನೂ ಪಡೆದರೆ ಮುಂದೆ ವಸೂಲಾತಿಯ ನೋಟಿಸ್ ಬರುವ ಸಂಭವವಿದೆ.

ಉತ್ತರ 2: ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ನಾನು ಸಾಲದ ಭಾಗವನ್ನಷ್ಟೇ ಹೇಳುತ್ತೇನೆ.

ನಿಮ್ಮ ಪಹಣಿ ನಿಮ್ಮ ಮನೆಯಲ್ಲೇ ಇರಲಿ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಯಾವುದೇ ಆಸ್ತಿಯ ಭದ್ರತೆ ಕೇಳುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಅದರಿಂದ ಮೇಲೆ, 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಸಾಲ ಖಾತರಿ ನಿಧಿಯ ರಕ್ಷಣೆ ಇರುವುದರಿಂದ, ಆ ಯೋಜನೆಯಡಿ ಕೊಡುವ ಸಾಲಕ್ಕೂ ಅಡಮಾನವಾಗಲಿ ಮೂರನೆಯವರ ಜಾಮೀನಾಗಲಿ ಬೇಕಾಗುವುದಿಲ್ಲ. ಬಾಯಿಮಾತಿನಲ್ಲಿ ಕೇಳಿ ಬರಿಗೈಯಲ್ಲಿ ಮರಳಬೇಡಿ. ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಿ ಸ್ವೀಕೃತಿ ಸಂಖ್ಯೆ ಪಡೆಯಿರಿ. ತಿರಸ್ಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ಕೊಡುವಂತೆ ಕೇಳಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು.

ನಿಮ್ಮ ಆದಾಯಕ್ಕೆ ಇನ್ನೂ ಮುಖ್ಯವಾದದ್ದು ಬಡ್ಡಿ ಸಹಾಯಧನ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಓದಿನ ಅವಧಿ ಮತ್ತು ಅನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ (ಶಿಕ್ಷಣದ ಗುಣಮಟ್ಟ ಅಳೆಯುವ ಸಂಸ್ಥೆಗಳು) ಮಾನ್ಯತೆ ಇದೆಯೇ ಎಂದು ಸೇರುವ ಮೊದಲೇ ಕೇಳಿ. ನಡುವೆ ಓದು ಬಿಟ್ಟರೆ ಈ ಸೌಲಭ್ಯ ತಪ್ಪುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷದವರೆಗೆ ಆದಾಯವಿರುವವರಿಗೂ ಶೇ. 3ರ ಬಡ್ಡಿ ರಿಯಾಯಿತಿ ಇದೆ, ಆದರೆ ಅದು ಗುರುತಿಸಿದ ಸಂಸ್ಥೆಗಳಿಗೆ ಮಾತ್ರ. ಆರಂಭದ ಪಟ್ಟಿಯಲ್ಲಿದ್ದದ್ದು 860 ಸಂಸ್ಥೆಗಳು.

ಆದರೂ ನಿಮ್ಮ ಸ್ಥಾನದಲ್ಲಿ ನಾನಿದ್ದರೆ ಬ್ಯಾಂಕಿಗಿಂತ ಮೊದಲು ಅರಿವು ಸಾಲಕ್ಕೆ ಅರ್ಜಿ ಹಾಕುತ್ತಿದ್ದೆ. ಸಿಇಟಿ ಮೂಲಕ ಸೀಟು ಪಡೆದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ದೇವರಾಜ ಅರಸು ಅಭಿವೃದ್ಧಿ ನಿಗಮವು ವರ್ಷಕ್ಕೆ ಗರಿಷ್ಠ 1 ಲಕ್ಷ ರೂಪಾಯಿಯನ್ನು ಶೇ. 2ರ ಬಡ್ಡಿಯಲ್ಲಿ ಕೊಡುತ್ತದೆ. ಕೆಲವು ಸಮುದಾಯಗಳಿಗೆ ಪ್ರತ್ಯೇಕ ನಿಗಮಗಳಿವೆ, ನಿಮ್ಮದು ಯಾವುದರಡಿ ಬರುತ್ತದೆ ಎಂದು ಹಾಸನದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ವೆರಿಫಿಕೇಶನ್ ಸ್ಲಿಪ್‌ನಲ್ಲಿ ಎಸ್‌ಎನ್‌ಕ್ಯೂ ನಮೂದಾಗಿದೆ. ಒಂದು ಸಂದೇಹ ಉಳಿದಿದೆ: ವಿದ್ಯಾರ್ಥಿವೇತನದ ಹಣ ಪ್ರವೇಶದ ಹೊತ್ತಿಗೆ ಕೈಗೆ ಸಿಗುತ್ತದೆಯೇ?

ಉತ್ತರ 3: ಅಂತಿಮ ವರ್ಷದ ಬಿಇ ವಿದ್ಯಾರ್ಥಿನಿ

ಇಲ್ಲ ಅಂಕಲ್, ಆ ಹೊತ್ತಿಗೆ ಸಿಗುವುದಿಲ್ಲ. ಅರ್ಜಿ, ಕಾಲೇಜಿನ ಪರಿಶೀಲನೆ, ಇಲಾಖೆಯ ಮಂಜೂರಾತಿ ಇವೆಲ್ಲ ಮುಗಿದು ಹಣ ಬರುವಷ್ಟರಲ್ಲಿ ಶೈಕ್ಷಣಿಕ ವರ್ಷದ ಬಹುಭಾಗ ಕಳೆದಿರುತ್ತದೆ. ಆದ್ದರಿಂದ ಮೊದಲ ವರ್ಷದ ಶುಲ್ಕಕ್ಕೆ ಬೇರೆ ಏರ್ಪಾಡು ಮಾಡಿಕೊಂಡು, ವಿದ್ಯಾರ್ಥಿವೇತನವನ್ನು ಮುಂದಿನ ವರ್ಷದ ಶುಲ್ಕಕ್ಕೆ ಎತ್ತಿಡುವುದು ಒಳ್ಳೆಯದು; ನಮ್ಮ ಮನೆಯಲ್ಲಿ ಹಾಗೆಯೇ ಮಾಡಿದೆವು.

ಮಂಜೂರಾದರೂ ಹಣ ಬಾರದಿರುವುದಕ್ಕೆ ನನ್ನ ತರಗತಿಯಲ್ಲಿ ಕಂಡ ದೊಡ್ಡ ಕಾರಣವೆಂದರೆ ಬ್ಯಾಂಕ್ ಖಾತೆ. ಹಣ ಹೋಗುವುದು ನೀವು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಮಗಳ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಬ್ಯಾಂಕಿಗೆ ಹೋದಾಗ "ಆಧಾರ್ ಲಿಂಕ್ ಆಗಿದೆಯೇ" ಎಂದಷ್ಟೇ ಕೇಳದೆ, "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ" ಎಂದೇ ಕೇಳಿ. ಆಧಾರ್‌ನಲ್ಲಿರುವ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಇನಿಶಿಯಲ್‌ನಷ್ಟು ವ್ಯತ್ಯಾಸವಿದ್ದರೂ ಈಗಲೇ ಸರಿಪಡಿಸಿಕೊಳ್ಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲು ಮಗಳಿಗೆ ಹೇಳಿ, ಎಸ್‌ಎಸ್‌ಪಿ ಅದನ್ನು ಪ್ರತಿ ವರ್ಷವೂ ಕೇಳುತ್ತದೆ, ಮತ್ತು ಅರ್ಜಿಯನ್ನೂ ಪ್ರತಿ ವರ್ಷ ಹೊಸದಾಗಿ ಹಾಕಬೇಕಾಗುತ್ತದೆ.